ಟ್ರಾಮ್: ಗಣಿಯಿಂದ ಬೀದಿಗೆ ಬಂದ ಹೆಸರು

ಬೀದಿಯ ಹಳಿಗಳ ಮೇಲೆ ಓಡುವ ಟ್ರಾಮ್ ಗಾಡಿಗೆ ಆ ಹೆಸರು ಬಂದದ್ದು ಬೆಂಜಮಿನ್ ಔಟ್ರಮ್ ಎಂಬ ಇಂಗ್ಲಿಷ್ ಇಂಜಿನಿಯರನಿಂದ ಎಂಬ ಕಥೆಯೊಂದು ಬಹಳ ಕಾಲದಿಂದ ಚಲಾವಣೆಯಲ್ಲಿದೆ. ಡರ್ಬಿಶೈರಿನಲ್ಲಿ ಕಲ್ಲಿದ್ದಲು ಮತ್ತು ಸುಣ್ಣಕಲ್ಲು ಸಾಗಿಸಲು ಕಬ್ಬಿಣದ ಹಳಿದಾರಿಗಳನ್ನು ಹಾಕಿಸಿದ ಆತನ ಹೆಸರಿನ ಮುಂಭಾಗ ಉದುರಿಹೋಗಿ ಹಿಂಭಾಗವಷ್ಟೇ ಉಳಿಯಿತಂತೆ. ಆದರೆ ಔಟ್ರಮ್ ಹುಟ್ಟಿದ್ದು 1764ರಲ್ಲಿ. ಪದವಾದರೋ 16ನೆಯ ಶತಮಾನದಲ್ಲೇ ಬಳಕೆಯಲ್ಲಿತ್ತು. ಮೊಮ್ಮಗನಿಗೆ ಅಜ್ಜನ ಹೆಸರಿಡುವುದುಂಟು, ಅಜ್ಜನಿಗೆ ಮೊಮ್ಮಗನ ಹೆಸರಿಟ್ಟವರನ್ನು ನಾನಂತೂ ಕಂಡಿಲ್ಲ.

ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ಟ್ರಾಮ್ ಎಂದರೆ ತಳ್ಳುಗಾಡಿಯ ಹಿಡಿಮರ ಅಥವಾ ಬಂಡಿಯ ಮೂಕಿ. ಡಚ್ ಮತ್ತು ಕೆಳಜರ್ಮನ್ ಭಾಷೆಗಳಲ್ಲಿ ಇದರ ಬಳಗದ ಪದಗಳಿಗೆ ಮರದ ತೊಲೆ ಎಂಬ ಅರ್ಥವಿದೆ. ಕಲ್ಲಿದ್ದಲಿನ ಗಣಿಗಳಲ್ಲಿ ಹಿಡಿಮರದ ಹೆಸರು ಇಡೀ ಗಾಡಿಗೆ ಅಂಟಿಕೊಂಡಿತು, ಆ ಗಾಡಿ ಉರುಳುವ ದಾರಿ ‘ಟ್ರಾಮ್‌ವೇ’ ಆಯಿತು, ಕೊನೆಗೆ ಆ ದಾರಿಯ ಹೆಸರೇ ಮೊಟಕಾಗಿ ಜನರನ್ನು ಹೊರುವ ಗಾಡಿಗೆ ಬಂತು. ಅದಿರಿನ ಬಂಡಿಗಳನ್ನು ಹಳಿಯ ಮೇಲೆ ಸಾಗಿಸುವುದನ್ನು ಗಣಿಯವರು ಇಂದಿಗೂ ‘ಟ್ರ್ಯಾಮಿಂಗ್’ ಎನ್ನುತ್ತಾರೆ.

ವೇಲ್ಸ್‌ನ ಸ್ವಾನ್ಸಿಯಲ್ಲಿ 1807ರಲ್ಲಿ, ಸರಕಿಗೆಂದು ಹಾಕಿದ್ದ ಹಳಿಯ ಮೇಲೆ ಕುದುರೆ ಎಳೆಯುವ ಗಾಡಿಯಲ್ಲಿ ಪ್ರಯಾಣಿಕರು ಕುಳಿತರು. ನಗರದ ಬೀದಿಯ ಮಾತು ಬೇರೆ. 1860ರಲ್ಲಿ ಬರ್ಕನ್‌ಹೆಡ್‌ನಲ್ಲೂ ಮರುವರ್ಷ ಲಂಡನ್ನಿನಲ್ಲೂ ಟ್ರಾಮ್ ಓಡಿಸಿದ ಅಮೆರಿಕನ್ನನ ಹಳಿಗಳು ರಸ್ತೆಯ ಮಟ್ಟಕ್ಕಿಂತ ಮೇಲೆದ್ದು ನಿಂತು ಉಳಿದ ಬಂಡಿಗಳ ಚಕ್ರಗಳಿಗೆ ಅಡ್ಡಿಯಾದ್ದರಿಂದ ಲಂಡನ್ನಿನವನ್ನು ಕಿತ್ತುಹಾಕಬೇಕಾಯಿತು. (ಆತನ ಹೆಸರು ಜಾರ್ಜ್ ಫ್ರಾನ್ಸಿಸ್ ಟ್ರೇನ್, ಇದು ಮಾತ್ರ ಕಟ್ಟುಕಥೆಯಲ್ಲ.) ನಡುವೆ ಚಕ್ರದ ಅಂಚು ಕೂರುವಂತೆ ತೋಡು ಕೊರೆದ, ನೆಲದ ಮಟ್ಟಕ್ಕೇ ಹುದುಗಿಸಬಹುದಾದ ಹಳಿಯಿಂದಲೇ ಟ್ರಾಮ್ ಇತರ ವಾಹನಗಳೊಡನೆ ಬೀದಿಯನ್ನು ಹಂಚಿಕೊಳ್ಳುವಂತಾಯಿತು.

ಅಮೆರಿಕದವರು ಈ ಪದವನ್ನು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. ತಲೆಯ ಮೇಲಿನ ವಿದ್ಯುತ್ ತಂತಿಗೆ ತಾಗಿ ಉರುಳುವ ಪುಟ್ಟ ಚಕ್ರದ ಹೆಸರಿನಿಂದ ಅಲ್ಲಿ ಗಾಡಿ ‘ಟ್ರಾಲಿ’ಯಾಯಿತು. ನಮ್ಮ ದೇಶಕ್ಕೆ ಬಂದದ್ದು ಬ್ರಿಟಿಷರ ಮಾತೇ: ಕಲ್ಕತ್ತೆಗೆ 1873ರಲ್ಲಿ, ಮುಂಬಯಿಗೆ 1874ರಲ್ಲಿ ಕುದುರೆ ಟ್ರಾಮ್, ಮದರಾಸಿಗೆ 1895ರಲ್ಲಿ ವಿದ್ಯುತ್ ಟ್ರಾಮ್. ಮುಂಬಯಿಯಲ್ಲಿ 1964ರ ಮಾರ್ಚ್ 31ರಂದು ಸಂಚಾರ ನಿಂತರೂ ಅಲ್ಲಿನ ಕನ್ನಡಿಗರು ಈಗಲೂ ‘ದಾದರ್ ಟಿ.ಟಿ.’ಯಲ್ಲಿ ಬಸ್ಸಿಳಿಯುತ್ತಾರೆ; ಟ್ರಾಮ್ ಟರ್ಮಿನಸ್ ಎಂಬುದರ ಸಂಕ್ಷೇಪವದು. ಆ ಬಸ್ಸಿನ ಮೇಲಿರುವ ‘ಬೆಸ್ಟ್’ ಎಂಬ ಹೆಸರಿನ ಕೊನೆಯ ಟಿ ಅಕ್ಷರವೂ ಮೊದಲು ಟ್ರಾಮ್‌ವೇಸ್ ಆಗಿತ್ತು, ಈಗ ಟ್ರಾನ್ಸ್‌ಪೋರ್ಟ್.