ಪಾತ್ರ ಸತ್ತರೆ ಮತ್ತೆ ಒಂದನೇ ಲೆವೆಲ್‌ನಿಂದ ಬರಬೇಕಾ?

ಚಿಕ್ಕಮಗಳೂರಿನಲ್ಲಿ ನಾವು ಕೆಲವರು ಭಾನುವಾರ ಮಧ್ಯಾಹ್ನ ಸೇರಿ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುತ್ತೇವೆ. ಗೊತ್ತಿಲ್ಲದವರಿಗೆ ಎರಡು ಮಾತು: ಒಬ್ಬರು ಕತೆ ನಡೆಸುತ್ತಾರೆ, ಅವರು ಡಿಎಂ. ಉಳಿದವರು ತಲಾ ಒಂದು ಪಾತ್ರ ಕಟ್ಟಿಕೊಂಡು ಕತೆಯೊಳಗೆ ಇಳಿಯುತ್ತಾರೆ. ಏಟು ಬಿತ್ತೋ ತಪ್ಪಿತೋ ಅನ್ನುವುದನ್ನು ದಾಳ ಹೇಳುತ್ತದೆ. ಆಡುತ್ತಾ ಹೋದಂತೆ ಪಾತ್ರದ ಬಲ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಆ ಮೆಟ್ಟಿಲೇ ಲೆವೆಲ್. ಡಿಎಂ ಆಗಿ ಕೂರುವುದು ಜಾಸ್ತಿ ನಾನೇ. ಹಾಗಾಗಿ ಹೊಸದಾಗಿ ಸೇರುವವರೆಲ್ಲ ನನ್ನನ್ನೇ ಕೇಳುತ್ತಾರೆ: "ನನ್ನ ಪಾತ್ರ ಸತ್ತುಹೋದರೆ ಏನು ಗತಿ? ಮತ್ತೆ ಒಂದನೇ ಲೆವೆಲ್‌ನಿಂದ ಶುರು ಮಾಡಬೇಕಾ?"

ಬೇಡ. ಉಳಿದವರು ಯಾವ ಲೆವೆಲ್‌ನಲ್ಲಿದ್ದಾರೋ ಅಲ್ಲಿಗೇ ಬನ್ನಿ. ಸತ್ತಿದ್ದು ಪಾತ್ರ, ಆಡುವವರಿಗೆ ಯಾಕೆ ಶಿಕ್ಷೆ?

ಒಂದನೇ ಲೆವೆಲ್‌ನಿಂದ ಬರಿಸುವ ಹಳೆಯ ಪದ್ಧತಿಗೂ ಒಂದು ಲೆಕ್ಕ ಇತ್ತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ತಂದ ಮೊದಲ ಆಟದಲ್ಲಿ ಯೋಧನೊಬ್ಬ ಎರಡನೇ ಲೆವೆಲ್‌ಗೆ ಏರಲು 2,000 ಅನುಭವದ ಅಂಕ ಬೇಕಿತ್ತು. ಮೂರಕ್ಕೆ 4,000, ನಾಲ್ಕಕ್ಕೆ 8,000, ಐದಕ್ಕೆ 16,000. ಪ್ರತಿ ಸಲ ದುಪ್ಪಟ್ಟು. ಹಳಬರು ನಾಲ್ಕರಿಂದ ಐದಕ್ಕೆ ಹೋಗುವಷ್ಟರಲ್ಲಿ, ಅವರ ಜೊತೆ ಸಮಪಾಲು ಪಡೆದ ಹೊಸಬ ನಾಲ್ಕು ಮುಟ್ಟಿರುತ್ತಿದ್ದ.

2014ರ ಐದನೇ ಆವೃತ್ತಿಯಲ್ಲೂ ಹೊಸಬ ಬೇಗ ಏರುತ್ತಾನೆ. ಆದರೆ ಅಲ್ಲಿಯವರೆಗೆ ಬದುಕಿರಬೇಕಲ್ಲ! ಆರನೇ ಲೆವೆಲ್ ತಂಡದ ಎದುರಿಗೆ ಬರುವ ಮಾಂತ್ರಿಕ ಒಂದು ಫೈರ್‌ಬಾಲ್, ಅಂದರೆ ಮಂತ್ರದ ಬೆಂಕಿಯುಂಡೆ, ಎಸೆದ ಅಂತಿಟ್ಟುಕೊಳ್ಳಿ. ಆರು ಮುಖದ ದಾಳ ಎಂಟು ಉರುಳುತ್ತವೆ, ಸರಾಸರಿ 28 ಏಟು. ಸಾಧಾರಣ ಗಟ್ಟಿಮುಟ್ಟಾದ ಆರನೇ ಲೆವೆಲ್ ಯೋಧನ ಹತ್ತಿರ 52 ಹಿಟ್ ಪಾಯಿಂಟ್, ಅಂದರೆ ಏಟು ತಾಳುವ ಅಂಕ, ಇರುತ್ತದೆ, ಅವನು ಮೈ ಕೊಡವಿಕೊಂಡು ಎದ್ದು ನಿಲ್ಲುತ್ತಾನೆ. ಅಂಥದ್ದೇ ಒಂದನೇ ಲೆವೆಲ್ ಯೋಧನ ಹತ್ತಿರ ಇರುವುದು 12. ಸೊನ್ನೆಗೆ ಇಳಿದ ಮೇಲೂ 16 ಏಟು ಮಿಕ್ಕಿತು. ಮಿಕ್ಕಿದ್ದು ಅವನ ಪೂರ್ತಿ ಹಿಟ್ ಪಾಯಿಂಟ್‌ನಷ್ಟಾದರೆ ಸ್ಥಳದಲ್ಲೇ ಸಾವು ಅನ್ನುತ್ತದೆ ನಿಯಮ. ಸಾಮಾನ್ಯವಾಗಿ ಸೊನ್ನೆಗೆ ಬಿದ್ದವರಿಗೆ ಸಿಗುವ, ಬದುಕುತ್ತಾರೋ ಇಲ್ಲವೋ ಅಂತ ಉರುಳಿಸುವ ಸಾವಿನ ದಾಳಗಳೂ ಅವನಿಗಿಲ್ಲ. ಪೂರ್ತಿ ಸಂಜೆ ಕೂತು ಕಟ್ಟಿದ ಪಾತ್ರ, ಒಂದು ಮಾತೂ ಆಡದೆ ಹೋಯಿತು.

ಶೃಂಗೇರಿ, ಕೊಪ್ಪದ ಕಡೆ ಯಕ್ಷಗಾನ ನೋಡಿ ಬೆಳೆದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಮೊದಲ ಪ್ರಸಂಗದಲ್ಲಿ ರಾಕ್ಷಸನಾಗಿ ಸತ್ತ ಕಲಾವಿದ ಅದೇ ರಾತ್ರಿ ಇನ್ನೊಂದರಲ್ಲಿ ರಾಜನಾಗಿ ಬರುತ್ತಾನೆ. ವೇಷ ಸತ್ತಿತು ಅಂತ ಯಾವ ಮೇಳವೂ ಅವನನ್ನು ಮತ್ತೆ ಹೊಸಬರು ಹಾಕುವ ಕೋಡಂಗಿ ವೇಷಕ್ಕೆ ಇಳಿಸುವುದಿಲ್ಲ.

ಲೆವೆಲ್ ವಿಷಯ ಸುಲಭ. ಕಷ್ಟ ಇರುವುದು ಸಾಮಾನಿನಲ್ಲಿ. ಹೊಸ ಪಾತ್ರ ಹೊಸ ಮಾಯದ ಕತ್ತಿ ಹಿಡಿದು ಬಂತು, ಸತ್ತವನ ಕತ್ತಿಯನ್ನು ಉಳಿದವರು ಹಂಚಿಕೊಂಡರು ಅಂದರೆ ಪ್ರತಿ ಸಾವಿಗೂ ತಂಡ ಶ್ರೀಮಂತ ಆಗುತ್ತಾ ಹೋಗುತ್ತದೆ. ಯಾರೂ ಬೇಕಂತ ಸಾಯಿಸುವುದಿಲ್ಲ, ಆದರೂ ಹೆಣದ ಪಕ್ಕ ನಿಂತು ಲಾಭ ಎಣಿಸುವಂತಾಗಬಾರದು. ಅದಕ್ಕೆ ನಮ್ಮಲ್ಲಿ ಹೊಸಬರು ಸಾಮಾನ್ಯ ಆಯುಧ ಹಿಡಿದೇ ಬರುತ್ತಾರೆ, ಜೊತೆಗೆ ಮಾಯದ ವಸ್ತು ಚಿಕ್ಕದೊಂದು. ಸತ್ತವರ ಸಾಮಾನು ಯಾರಿಗೆ ಅನ್ನುವುದನ್ನು ಪಾತ್ರ ಕಟ್ಟುವ ದಿನವೇ ಶೀಟಿನ, ಅಂದರೆ ಪಾತ್ರದ ವಿವರ ಬರೆದಿಡುವ ಹಾಳೆಯ, ಹಿಂಬದಿಯಲ್ಲಿ ಬರೆಸುತ್ತೇನೆ. ಒಬ್ಬಳು ಬರೆದಿದ್ದಳು: "ಕೊಡಲಿ ಅಕ್ಕನಿಗೆ. ದುಡ್ಡು ಊರಿನ ಕೆರೆ ಹೂಳೆತ್ತಿಸಲು. ನಾಯಿಯನ್ನು ಯಾರಾದರೂ ನೋಡಿಕೊಳ್ಳಿ." ಆ ಪಾತ್ರ ಸತ್ತಾಗ ತಂಡ ಕೊಡಲಿ ಕೊಟ್ಟು ಬರಲು ಆ ಊರಿಗೇ ಹೋಯಿತು. ಅಕ್ಕ ಬಾಗಿಲು ತೆಗೆದಳು. ಅರ್ಧ ಮಧ್ಯಾಹ್ನ ಯಾರೂ ದಾಳ ಮುಟ್ಟಲಿಲ್ಲ. ನಾಯಿ ಈಗಲೂ ನಮ್ಮ ಜೊತೆ ಇದೆ.

ಸಾಯದೆಯೂ ಪಾತ್ರ ಬಿಡಬಹುದು. ಬೇಜಾರಾಯಿತು, ಬೇರೆ ಏನಾದರೂ ಆಡಬೇಕು ಅನ್ನಿಸಿತು, ಅಷ್ಟು ಸಾಕು. ಒಂದು ವಾರ ಮೊದಲು ಹೇಳಿ, ಕತೆಯಲ್ಲಿ ಬೀಳ್ಕೊಡಲು ಜಾಗ ಮಾಡುತ್ತೇನೆ. ಆದರೆ ನಿವೃತ್ತಿ ಆದ ಮೇಲೂ ಆ ಪಾತ್ರ ನಿಮ್ಮದೇ. ಘಾಟಿ ದಾರಿಯಲ್ಲಿ ಛತ್ರ ನಡೆಸುತ್ತಾ ಎದುರು ಸಿಕ್ಕಬಹುದು. ನಿಮ್ಮನ್ನು ಕೇಳದೆ ಅದನ್ನು ಸಾಯಿಸುವ, ದ್ರೋಹಿ ಮಾಡುವ ಹಕ್ಕು ನನಗಿಲ್ಲ. ಈ ವಿಷಯದಲ್ಲಿ ನಾನು ಹಟಮಾರಿ. ಇಂಥದ್ದೇ ಬೇರೆ ಆಟಗಳನ್ನು ನೋಡಿ. ಕಾಲ್ ಆಫ್ ಕ್ತುಲುವಿನಲ್ಲಿ ಬುದ್ಧಿಸ್ಥಿಮಿತದ ಅಂಕ ಸೊನ್ನೆಗಿಳಿದರೆ ಪಾತ್ರ ಕತೆ ನಡೆಸುವವರ ಕೈಗೆ ಹೋಗುತ್ತದೆ. ಬ್ಲೇಡ್ಸ್ ಇನ್ ದ ಡಾರ್ಕ್‌ನಲ್ಲಿ ಪಾತ್ರಗಳೆಲ್ಲ ಕಳ್ಳಖದೀಮರು, ಮನಸ್ಸಿಗೆ ನಾಲ್ಕನೇ ಆಘಾತ ಆದರೆ ಆ ದಂಧೆ ಬಿಡಲೇಬೇಕು, ಆಮೇಲೆ ಹೇಗೆ ಬದುಕುತ್ತಾರೆ ಅನ್ನುವುದು ಕೂಡಿಟ್ಟ ಹಣದ ಮೇಲೆ. ಕಟುವಾದ ನಿಯಮಗಳೇ, ಆದರೆ ಮೊದಲೇ ಗೊತ್ತಿರುವುದರಿಂದ ನ್ಯಾಯ. ಜಗಳದ ಮಧ್ಯೆ ಡಿಎಂ ಹೊಸದಾಗಿ ಹುಟ್ಟಿಸುವುದನ್ನು ನಾನು ನಿಯಮ ಅನ್ನುವುದಿಲ್ಲ.

ನಮ್ಮ ಊರಿಗೆ ಇನ್ನೊಂದು ನಿಯಮ ಬೇಕಾಯಿತು. ಅರೇಬಿಕಾ ಕೊಯ್ಲು ಶುರುವಾದರೆ ತೋಟದವರು ಕಾಣೆ. ರೋಬಸ್ಟಾ ಮುಗಿಯುವವರೆಗೂ ಅಷ್ಟೇ. "ಕಣದಲ್ಲಿ ಕಾಫಿ ಹರಡಿದೆ, ಮೋಡ ಆಗ್ತಿದೆ ಮಾರಾಯ, ಈ ವಾರ ಇಲ್ಲ" ಅಂತ ಮೆಸೇಜ್ ಬರುತ್ತದೆ. ಅವರ ಪಾತ್ರವನ್ನು ಯಾರೂ ಆಡುವುದಿಲ್ಲ, ಅಪಾಯಕ್ಕೂ ಒಡ್ಡುವುದಿಲ್ಲ. ಎಲ್ಲೋ ಕೆಲಸದ ಮೇಲೆ ಹೋಗಿರುತ್ತದೆ, ಬಂದಾಗ ಉಳಿದವರ ಲೆವೆಲ್‌ಗೇ ಬರುತ್ತದೆ.

ಇನ್ನು ಸತ್ತವರನ್ನು ಎಬ್ಬಿಸುವುದು. ರೈಸ್ ಡೆಡ್ ಮಂತ್ರಕ್ಕೆ 500 ಚಿನ್ನದ ನಾಣ್ಯ ಬೆಲೆಯ ವಜ್ರ ಬೇಕು, ಸತ್ತು ಹತ್ತು ದಿನ ಮೀರಿರಬಾರದು. ಗೆಳೆಯರು ಪ್ರೀತಿಯಿಂದ ವಜ್ರ ಹುಡುಕಲು ಓಡುತ್ತಾರೆ. ಆದರೆ ಆತ್ಮಕ್ಕೆ ವಾಪಸ್ ಬರುವ ಮನಸ್ಸಿರಬೇಕು ಅಂತ ಮಂತ್ರದಲ್ಲೇ ಬರೆದಿದೆ. ಆತ್ಮದ ಪರವಾಗಿ ಮಾತಾಡುವವರು ಆಡುವವರೇ ಅಲ್ವಾ? ಅದಕ್ಕೇ ವಜ್ರಕ್ಕೆ ದುಡ್ಡು ಸುರಿಯುವ ಮೊದಲು ನಾನು ಅವರನ್ನು ಪಕ್ಕಕ್ಕೆ ಕರೆದು ಕೇಳುತ್ತೇನೆ. ಬೇಡ ಅಂದರೆ ದುಡ್ಡು ತಂಡದ ಚೀಲದಲ್ಲೇ ಉಳಿಯುತ್ತದೆ, ನಾನು ಹೊಸ ಶೀಟ್ ಕೊಡುತ್ತೇನೆ.