ಅಮ್ಮನ ಕ್ಯಾಲೆಂಡರ್ ಲೆಕ್ಕ

ತಿಪಟೂರಿನ ನಮ್ಮನೆಯಲ್ಲಿ ಖರ್ಚಿನ ಲೆಕ್ಕ ಇರುವುದು ಕ್ಯಾಲೆಂಡರಿನ ಹಿಂದೆ. ಹಾಲು, ಗ್ಯಾಸ್, ತಮ್ಮನ ಕಾಲೇಜು ಫೀಸು, ಎಲ್ಲಾ ಅಮ್ಮನ ಪೆನ್ಸಿಲ್ ಬರಹ. ಆದಾಯದ ಲೆಕ್ಕ ಮಾತ್ರ ಎಲ್ಲೂ ಇಲ್ಲ. ತಿಂಗಳಿಗೆ ಎಷ್ಟು ಬರುತ್ತೆ ಅಂತ ಕೇಳಿದರೆ ನಗುತ್ತಾಳೆ. ಕೊಬ್ಬರಿ ಮಾರಿದ ದಿನ ಬರುತ್ತೆ, ಉಳಿದ ದಿನ ಇಲ್ಲ. ಅಷ್ಟೇ.

ಜನ ಹೇಗೆ ಬದುಕುತ್ತಿದ್ದಾರೆ ಅಂತ ತಿಳಿಯಲು ಕೇಂದ್ರ ಸರ್ಕಾರ ನಡೆಸುವ ಮನೆ ಖರ್ಚಿನ ಸಮೀಕ್ಷೆಯವರು ಆದಾಯದ ಬದಲು ಖರ್ಚನ್ನು ಕೇಳುವುದು ಸುಮ್ನೆ ಅಲ್ಲ. ಅದರ ಪ್ರಕಾರ 2023-24ರಲ್ಲಿ ಹಳ್ಳಿಯವರ ಸರಾಸರಿ ತಲಾ ಖರ್ಚು ತಿಂಗಳಿಗೆ 4,122 ರೂಪಾಯಿ, ಪಟ್ಟಣದಲ್ಲಿ 6,996. ಪುಕ್ಕಟೆ ರೇಷನ್ನಿನಂಥದ್ದರ ಬೆಲೆ ಇದರಲ್ಲಿ ಸೇರಿಲ್ಲ. ಆದರೆ ಹಿತ್ತಲಿನ ತೆಂಗಿನಕಾಯಿಗೆ ಬೆಲೆ ಕಟ್ಟುತ್ತಾರೆ. 'ಅಯ್ಯೋ, ಅದಕ್ಕೂನಾ?' ಅಂದಳು ಅಮ್ಮ. ಸರಾಸರಿಯ ಮೇಲೆ ನನಗೆ ಅಷ್ಟೇನೂ ನಂಬಿಕೆಯಿಲ್ಲ. ತೋಟದ ಯಜಮಾನರೂ ಅಲ್ಲಿ ಕಾಯಿ ಸುಲಿಯುವವರೂ ಅದರೊಳಗೆ ಒಂದೇ ಆಗಿಬಿಡುತ್ತಾರೆ, ಅಲ್ವಾ?

2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಶುರುವಾದ ಮೇಲೆ ಕ್ಯಾಲೆಂಡರಿನಲ್ಲಿ ಹೊಸ ಸಾಲೊಂದು ಸೇರಿತು. 2,000 ರೂಪಾಯಿ. ಮುಂದೆ 'ನಂದು' ಅಂತ ಬರೆದಿದ್ದಾಳೆ. ಜಾಸ್ತಿ ಸಲ ಅದು ಹೋಗಿದ್ದು ತಮ್ಮನ ಫೀಸಿಗೇ. ಈ ತಿಂಗಳು ಮಾತ್ರ ಕನ್ನಡಕ ಮಾಡಿಸಿಕೊಂಡಳು.