ಅಂಗಳದ ಹುಲ್ಲಿಗೆ ಬಿಸಿಲು ಬಂತು

2025 ಅಕ್ಟೋಬರ್ 19, ಭಾನುವಾರ
ಉಡುಪಿ

ಇವತ್ತು ಬೆಳಗ್ಗೆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆದೆ. ಪಾದ ಒದ್ದೆಯಾಯಿತು, ಆದರೆ ನೀರು ಚಿಮ್ಮಲಿಲ್ಲ. ಜೂನ್‌ನಿಂದ ಇಲ್ಲಿಯವರೆಗೆ ಹೆಜ್ಜೆ ಇಟ್ಟಲ್ಲೆಲ್ಲ ಪಿಚಕ್ ಪಿಚಕ್ ಅನ್ನುತ್ತಿತ್ತು. ಆ ಸದ್ದು ನಿಂತ ದಿನ ನನ್ನ ಲೆಕ್ಕದಲ್ಲಿ ಮಳೆಗಾಲ ಮುಗಿದಂತೆ. ಸಂಜೆಗೆ ಗುಡುಗು ಬರಬಹುದು, ಒಂದೆರಡು ಮಳೆಯೂ ಬೀಳಬಹುದು. ಅದರಿಂದ ತೊಂದರೆಯಿಲ್ಲ. ಬಿದ್ದ ನೀರು ಈಗ ಮಣ್ಣಿನೊಳಗೆ ಇಳಿದು ಹೋಗುತ್ತದೆ.

ಹತ್ತೂವರೆ ಹೊತ್ತಿಗೆ ಇಬ್ಬನಿ ಆರಿತು. ಬ್ರಷ್ ಕಟರ್ ತೆಗೆದೆ. ಹುಲ್ಲು ಆರು ಇಂಚು ಎದ್ದು ನಿಂತಿತ್ತು. ಒಂದೇ ಸಲ ಎರಡು ಇಂಚಿಗೆ ಇಳಿಸಬೇಕು ಅಂತ ಕೈ ತುರಿಸುತ್ತದೆ, ಆದರೆ ಇಳಿಸಬಾರದು. ನೆರಳಿನಲ್ಲಿ, ಮೋಡದಡಿ ಬೆಳೆದ ಹುಲ್ಲು ಅದು. ಮೇಲಿನ ಎಲೆ ಮಾತ್ರ ಹಸಿರು, ಕೆಳಗೆಲ್ಲ ಬಿಳಿಚಿಕೊಂಡ ದಂಟು. ಪೂರ್ತಿ ಬೋಳಿಸಿದರೆ ಆ ದಂಟು ಎರಡೇ ದಿನದ ಬಿಸಿಲಿಗೆ ಸುಟ್ಟು ಹೋಗುತ್ತದೆ. ಎಷ್ಟು ಎತ್ತರ ಇದೆಯೋ ಅದರಲ್ಲಿ ಮೂರನೇ ಒಂದು ಭಾಗ ಮಾತ್ರ ತೆಗೆಯಬೇಕು. ಇವತ್ತು ನಾಲ್ಕು ಇಂಚಿಗೆ ತಂದೆ. ಮುಂದಿನ ವಾರ ಮೂರು, ಅದರ ಮುಂದಿನ ವಾರ ಎರಡು. ಆಮೇಲೆ ಅಲ್ಲೇ ನಿಲ್ಲಿಸುವುದು.

ಅಮ್ಮ ಜಗಲಿಯಲ್ಲಿ ಕೂತು ನೋಡುತ್ತಿದ್ದರು. "ನಾವು ಈ ಹೊತ್ತಿಗೆ ಅಂಗಳದ ಹುಲ್ಲು ಕೆತ್ತಿ ತೆಗೆಯುತ್ತಿದ್ದೆವು" ಅಂದರು. ನಿಜ. ಮಳೆ ನಿಂತ ಕೂಡಲೇ ಹಾರೆ ಹಿಡಿದು ಅಂಗಳದ ಹುಲ್ಲು ಹೆರೆದು, ಮಣ್ಣು ಬಡಿದು ಗಟ್ಟಿ ಮಾಡಿ, ಸೆಗಣಿ ಸಾರಿಸುತ್ತಿದ್ದರು. ಭತ್ತ ಬಡಿಯಲು, ಅಡಿಕೆ ಒಣಗಿಸಲು ಅಂಗಳ ಬೇಕಿತ್ತು. ಈಗ ಗದ್ದೆ ಇಲ್ಲ, ಅಡಿಕೆಯೂ ಇಲ್ಲ. ಅದೇ ಅಂಗಳದಲ್ಲಿ 40 ಚದರ ಮೀಟರ್ ಹುಲ್ಲು ಬೆಳೆಸಿದ್ದೇನೆ. ತಲೆಮಾರುಗಳ ಕಾಲ ಬಡಿದು ಬಡಿದು ಕಲ್ಲಿನಂತೆ ಮಾಡಿಟ್ಟ ನೆಲ ಅದು. ನೀರು ಇಳಿಯಬಾರದು ಅಂತಲೇ ಮಾಡಿದ ನೆಲ. ಹುಲ್ಲಿಗೆ ಬೇಕಾದದ್ದು ಅದರ ಉಲ್ಟಾ ಅಲ್ವಾ? ನನಗೆ ಇದು ಅರ್ಥವಾಗಲು ಮೂರು ವರ್ಷ ಬೇಕಾಯಿತು.

ಗೇಟಿನ ಪಕ್ಕ ಈ ಸಲವೂ ಒಂದು ಚಾಪೆಯಷ್ಟು ಜಾಗ ಕೊಳೆತಿದೆ. ಜುಲೈಯಲ್ಲಿ ಅಲ್ಲಿ ಹದಿನೈದು ದಿನ ನೀರು ನಿಂತಿತ್ತು. ಹುಲ್ಲು ಹೋಗಿ ಹಾವಸೆ ಬೆಳೆದಿದೆ. ಇವತ್ತು ಆ ಹಾವಸೆ ಕೆರೆದು, ಗಾರ್ಡನ್ ಫೋರ್ಕ್ ತಂದು ಚುಚ್ಚಿದೆ. ನಾಲ್ಕು ಇಂಚು ಆಳ, ನಾಲ್ಕು ಇಂಚಿಗೊಂದು ತೂತು. ಚುಚ್ಚಿ, ಹಿಡಿಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ, ಮೇಲೆತ್ತುವುದು. ಎರಡು ಇಂಚು ಇಳಿದ ಮೇಲೆ ಮುರಕಲ್ಲಿನ (ಲ್ಯಾಟರೈಟ್ ಅನ್ನುವ ಕೆಂಪು ಕಲ್ಲು) ಪುಡಿ ಸಿಗುತ್ತದೆ, ಕರ್ ಅಂತ ಸದ್ದು ಬರುತ್ತದೆ. ಫೋರ್ಕ್ ಮೇಲೆ ಎತ್ತುವಾಗ ಕೊಳೆತ ಮೊಟ್ಟೆಯ ವಾಸನೆ ಬಂತು. ಗಾಳಿ ಇಲ್ಲದ ಮಣ್ಣಿನ ವಾಸನೆ ಅದು. ಬೇರೂ ಉಸಿರಾಡಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರು ತುಂಬಿದರೆ ಗಾಳಿಗೆ ಜಾಗ ಎಲ್ಲಿ? ಬೇರು ಉಸಿರು ಕಟ್ಟಿ ಸಾಯುತ್ತದೆ. ಎಲೆ ಹಳದಿಯಾದದ್ದು ನೋಡಿ ನಾವು ಗೊಬ್ಬರ ಕಡಿಮೆಯಾಯಿತು ಅಂದುಕೊಳ್ಳುತ್ತೇವೆ.

ನಮ್ಮ ಕಡೆ ಲಾನ್ ಬಗ್ಗೆ ಯಾರು ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ. ಬಯಲುಸೀಮೆಯವರ ಚಿಂತೆ ನೀರು ಎಲ್ಲಿಂದ ತರುವುದು ಅಂತ. ನಮ್ಮ ಚಿಂತೆ ನೀರನ್ನು ಎಲ್ಲಿಗೆ ಕಳಿಸುವುದು ಅಂತ. ಇಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಅದರಲ್ಲಿ ಮುಕ್ಕಾಲಿಗಿಂತ ಜಾಸ್ತಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೀಳುತ್ತದೆ. ಬೆಂಗಳೂರಿಗೆ ವರ್ಷವಿಡೀ ಬೀಳುವಷ್ಟು ಮಳೆ ನಮಗೆ ಜುಲೈ ಒಂದೇ ತಿಂಗಳಲ್ಲಿ ಬೀಳುತ್ತದೆ. ಹಾಗಾಗಿ ಬೆಂಗಳೂರಿನ ತಂಗಿ ಅವಳ ಲಾನಿಗೆ ಏನು ಮಾಡುತ್ತಾಳೋ ಅದನ್ನು ನಾನು ಇಲ್ಲಿ ಮಾಡಿದರೆ ಆಗುವುದಿಲ್ಲ.

ಹುಲ್ಲಿನ ಆಯ್ಕೆಯೂ ಹಾಗೆಯೇ. ಮೊದಲು ಮೆಕ್ಸಿಕನ್ ಹಾಕಿದ್ದೆ. ಸೂಜಿಯಂಥ ಎಲೆ, ಕಂಬಳಿಯ ಹಾಗೆ ಮೆತ್ತಗೆ. ಹೆಸರು ಮೆಕ್ಸಿಕನ್ ಆದರೂ ಅದು ಜೊಯ್ಸಿಯಾ ಜಾತಿಯ ಏಷ್ಯಾದ ಹುಲ್ಲು. ಎರಡು ತೆಂಗಿನ ಮರದ ನೆರಳು, ಮೇಲಿಂದ ನಾಲ್ಕು ತಿಂಗಳ ಮೋಡ, ತಡೆಯಲಿಲ್ಲ. ಈಗಿರುವುದು ಇಲ್ಲಿನ ನರ್ಸರಿಗಳಲ್ಲಿ ಬಫೆಲೋ ಅಂತ ಕರೆಯುವ ಅಗಲ ಎಲೆಯ ಹುಲ್ಲು, ಆಕ್ಸೊನೋಪಸ್. ಅಮೆರಿಕದ ಉಷ್ಣವಲಯದಿಂದ ಬಂದದ್ದು. ನೆರಳು ತಡೆಯುತ್ತದೆ, ನಮ್ಮ ಹುಳಿ ಮಣ್ಣು ಒಗ್ಗುತ್ತದೆ, ತೇವ ಅಂದರೆ ಇಷ್ಟ. ಒಣಗಿದರೆ ಮಾತ್ರ ತಾಳುವುದಿಲ್ಲ. ನೋಡಲು ಸ್ವಲ್ಪ ಒರಟು. ನನಗೆ ಅದೇ ಚಂದ.

ನನ್ನ ಹಳೇ ಡೈರಿ ತಿರುವಿದರೆ ಎಲ್ಲ ಕೆಲಸಗಳೂ ಹಬ್ಬಗಳ ಪಕ್ಕದಲ್ಲೇ ಬರೆದಿವೆ. ಬೇಕೆಂದು ಹಾಗೆ ಬರೆದದ್ದಲ್ಲ. ತುಳುನಾಡಿನ ಪಂಚಾಂಗ ಮಣ್ಣು ನೋಡಿ ಮಾಡಿದ್ದು, ಹುಲ್ಲಿಗೂ ಸರಿಹೊಂದುತ್ತದೆ.

ಮಳೆಗೆ ಮುಂಚಿನ ಕೊನೆಯ ಕಟಾವು ಪತ್ತನಾಜೆಯ ಹೊತ್ತಿಗೆ. ಅಂದರೆ ಮೇ 24ರ ಆಸುಪಾಸು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ದಿನ, ಭೂತಕೋಲಗಳಿಗೂ ವಿರಾಮ. ಈ ವರ್ಷ ಮುಂಗಾರು ಕೇರಳ ಮುಟ್ಟಿದ್ದು ಮೇ 24ಕ್ಕೇ, ಒಂದು ವಾರ ಮೊದಲೇ. ಜೂನ್ ಬರಲಿ ನೋಡೋಣ ಅಂತ ಕೂತಿದ್ದರೆ ಕಟಾವು ತಪ್ಪಿ ಹೋಗುತ್ತಿತ್ತು. ಪತ್ತನಾಜೆಯನ್ನು ನಂಬಿದ್ದಕ್ಕೆ ಹಿಂದಿನ ವಾರವೇ ಮುಗಿದಿತ್ತು. ಅದೇ ವಾರ ಅಂಚಿನ ಚರಂಡಿಯನ್ನು ಒಂದು ಗೇಣು ಆಳಕ್ಕೆ ಬಿಡಿಸಿದೆ. ಇಡೀ ವರ್ಷದಲ್ಲಿ ಒಂದೇ ಕೆಲಸ ಮಾಡಲು ಸಮಯ ಇದೆ ಅಂದರೆ, ಈ ಚರಂಡಿ ಬಿಡಿಸಿ. ಬೇರೆಲ್ಲ ಬಿಟ್ಟರೂ ಹುಲ್ಲು ಉಳಿಯುತ್ತದೆ.

ಮೊದಲನೇ ವರ್ಷ ನಾನು ಮಾಡಿದ್ದು ಬೇರೆ. ಗೊಬ್ಬರದ ಅಂಗಡಿಯೊಂದರಲ್ಲಿ "ಮಳೆ ಶುರುವಾಗುವಾಗ ಯೂರಿಯಾ ಎಸೆಯಿರಿ, ನೀರು ಹಾಕುವ ಕೆಲಸ ಉಳಿಯುತ್ತದೆ" ಅಂದರು. ಎರಡು ಕಿಲೋ ಎಸೆದೆ. ಹತ್ತು ದಿನಕ್ಕೆ ಕಣ್ಣು ಕುಕ್ಕುವ ಹಸಿರು. ಜುಲೈ ಮೊದಲ ವಾರ ತಟ್ಟೆಯಗಲದ ಕಂದು ಕಲೆಗಳು ಕಾಣಿಸಿದವು. ಮರುವಾರ ಅವು ಹರಿವಾಣದಷ್ಟಾದವು. ಬೆಳಗ್ಗೆ ಬೇಗ ಎದ್ದು ನೋಡಿದರೆ ಅಂಚಿನಲ್ಲಿ ಜೇಡರ ಬಲೆಯಂಥ ಬಿಳಿ ನೂಲು. ಎಲೆ ಹಿಡಿದೆಳೆದರೆ ಬುಡದಲ್ಲಿ ಕೊಳೆತು ಕೈಗೇ ಬರುತ್ತಿತ್ತು. ಅದು ರೈಜೊಕ್ಟೋನಿಯಾ ಎಂಬ ಶಿಲೀಂಧ್ರ. ಭತ್ತದ ಎಲೆಕವಚ ಒಣಗಿಸುವುದೂ ಅದೇ ಶಿಲೀಂಧ್ರ. ಗದ್ದೆ ಮಾಡಿದ ಅಮ್ಮನಿಗೆ ನೋಡಿದ ಕೂಡಲೇ ಗೊತ್ತಾಯಿತು. ಸೆಕೆ, ಆರದ ಎಲೆ, ಅದರ ಮೇಲೆ ಜಾಸ್ತಿ ಸಾರಜನಕ ತಿಂದು ಮೆತ್ತಗಾದ ಹುಲ್ಲು. ಅದಕ್ಕೆ ಬೇಕಾದ್ದೆಲ್ಲ ನಾನೇ ಬಡಿಸಿಟ್ಟಿದ್ದೆ.

ಅದಕ್ಕಿಂತಲೂ ನನಗೆ ಬೇಜಾರಾದದ್ದು ಬಾವಿಯ ವಿಷಯಕ್ಕೆ. ಹುಲ್ಲಿನಿಂದ ಬಾವಿಕಟ್ಟೆಗೆ ಹತ್ತು ಹೆಜ್ಜೆ. ಹಾಕಿದ ಯೂರಿಯಾದಲ್ಲಿ ಹುಲ್ಲು ತಿಂದದ್ದು ಸ್ವಲ್ಪ, ಉಳಿದದ್ದನ್ನು ಮಳೆ ತೊಳೆದು ಕೆಳಗಿಳಿಸಿತು. ಮುರಕಲ್ಲಿನ ತುಂಬ ತೂತು, ಹೋಗುವ ದಾರಿ ಬಾವಿಯೇ. ಆ ನೀರನ್ನೇ ಅಲ್ವಾ ನಾವು ಕುಡಿಯುವುದು? ಅಂದಿನಿಂದ ಪತ್ತನಾಜೆ ಆದ ಮೇಲೆ ಮಳೆ ಬಿಡುವವರೆಗೆ ಗೊಬ್ಬರ ಮುಟ್ಟುವುದಿಲ್ಲ. ಯೂರಿಯಾ ಹಾಕಲೇಬೇಕು ಅನ್ನುವವರು ಚದರ ಮೀಟರಿಗೆ 10 ಗ್ರಾಂ ದಾಟಬೇಡಿ, ಅದೂ ಮಳೆ ಪೂರ್ತಿ ಬಿಟ್ಟ ಮೇಲೆ. ನನ್ನ ಅಂಗಳದ ಲೆಕ್ಕದಲ್ಲಿ ಅದು 400 ಗ್ರಾಂ. ನಾನು ಅಂದು ಹಾಕಿದ್ದು ಅದರ ಐದು ಪಟ್ಟು.

ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಹುಲ್ಲಿಗೆ ಕಾಲಿಡದಿರುವುದೇ ಆರೈಕೆ. ಒದ್ದೆ ನೆಲದಲ್ಲಿ ಓಡಾಡಿದರೆ ಮಣ್ಣು ಇನ್ನಷ್ಟು ಬಿಗಿಯುತ್ತದೆ. ತೆಂಗಿನ ಮಡಲು ಬಿದ್ದರೆ ಅವತ್ತೇ ಎಳೆದು ಹಾಕುತ್ತೇನೆ, ಎರಡು ದಿನ ಬಿಟ್ಟರೆ ಕೆಳಗಿನ ಹುಲ್ಲು ಬೆಂದಂತಾಗುತ್ತದೆ. ನಡುವೆ ಮೂರು ದಿನ ಬಿಸಿಲು ಸಿಕ್ಕಿದರೆ ಒಂದು ಕಟಾವು, ಕತ್ತರಿಸಿದ್ದನ್ನೆಲ್ಲ ಗುಡಿಸಿ ತೆಂಗಿನ ಬುಡಕ್ಕೆ. ಬೇಸಿಗೆಯಲ್ಲಾದರೆ ಅಲ್ಲೇ ಬಿಡಬಹುದು, ಗೊಬ್ಬರವಾಗುತ್ತದೆ. ಮಳೆಯಲ್ಲಿ ಬಿಟ್ಟರೆ ಮುದ್ದೆಯಾಗಿ ಕೊಳೆಯುತ್ತದೆ. ಇನ್ನೊಂದು ಕೆಲಸ ನಾಚಿಕೆ ಮುಳ್ಳು ಕೀಳುವುದು. ಮಣ್ಣು ಹದವಾಗಿ ನೆನೆದಾಗ ತಾಯಿಬೇರು ಸಮೇತ ಬರುತ್ತದೆ. ನವೆಂಬರಿನಲ್ಲಿ ಎಳೆದರೆ ತುಂಡಾಗಿ, ಉಳಿದ ಬುಡ ಮತ್ತೆ ಚಿಗುರುತ್ತದೆ. ಕೊನ್ನಾರಿ ಕಳೆಯನ್ನು ಸುಮ್ನೆ ಎಳೆದು ಪ್ರಯೋಜನವಿಲ್ಲ. ಗೆಡ್ಡೆ ಕೆಳಗೇ ಉಳಿಯುತ್ತದೆ. ಚಿಕ್ಕ ಕತ್ತಿ ಇಳಿಸಿ ಗೆಡ್ಡೆಯನ್ನೇ ಎತ್ತಬೇಕು.

ಗರಿಕೆಯನ್ನು ಮಾತ್ರ ಕೀಳುವುದಿಲ್ಲ. ಗೇಟಿನ ಆಚೆ ಬಿಸಿಲು ಬೀಳುವ ಮೂಲೆಯಲ್ಲಿ ಅದಕ್ಕೊಂದು ಜಾಗ ಬಿಟ್ಟಿದ್ದೇನೆ. ಆಗಸ್ಟ್ 27ರಂದು ಚೌತಿಗೆ ಅಲ್ಲಿಂದಲೇ ಇಪ್ಪತ್ತೊಂದು ಕುಡಿ ತಂದದ್ದು. ಬಿಸಿಲಿದ್ದರೆ ಅದೂ ಒಳ್ಳೆಯ ಲಾನೇ, ಊರೂರ ಮೈದಾನಗಳಲ್ಲಿ ಇರುವುದು ಅದೇ ಹುಲ್ಲು.

ಈಗ ಅಕ್ಟೋಬರ್. ಗೊಬ್ಬರಕ್ಕೆ ಇದೇ ಹೊತ್ತು. ಮಣ್ಣಲ್ಲಿ ತೇವ ಇದೆ, ಮೇಲೆ ಬಿಸಿಲಿದೆ, ತೊಳೆದು ಹೋಗುವ ಭಯ ಇಲ್ಲ. ನಾನು ಹಾಕುವುದು ಒಂದು ಪಾಲು ಜರಡಿ ಹಿಡಿದ ಹಳೆ ಹಟ್ಟಿಗೊಬ್ಬರ, ಒಂದು ಪಾಲು ಸುಡುಮಣ್ಣು, ಎರಡು ಪಾಲು ಹೊಳೆಯ ಮರಳು. ಸಮುದ್ರದ ಮರಳು ಬೇಡ, ಉಪ್ಪಿಗೆ ಈ ಹುಲ್ಲು ಉಳಿಯುವುದಿಲ್ಲ. ಸುಡುಮಣ್ಣು ಅಮ್ಮನ ಪಾಠ. ತರಗೆಲೆ, ಕಸಕಡ್ಡಿ, ಮಣ್ಣು ಪದರ ಪದರ ಮಾಡಿ ನಿಧಾನಕ್ಕೆ ಸುಟ್ಟ ಮಣ್ಣು. ಕಳೆ ಬೀಜ ಸತ್ತಿರುತ್ತದೆ, ಬೂದಿಯಿಂದ ಪೊಟ್ಯಾಷ್ ಸಿಗುತ್ತದೆ, ಮಣ್ಣಿನ ಹುಳಿಯೂ ಸ್ವಲ್ಪ ಇಳಿಯುತ್ತದೆ. ಹಟ್ಟಿಗೊಬ್ಬರಕ್ಕೆ ಹದಿನೈದು ದಿನ ಮೊದಲೇ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಒಳ್ಳೆಯ ಶಿಲೀಂಧ್ರ) ಕಲಸಿ ನೆರಳಲ್ಲಿ ಇಟ್ಟಿದ್ದೇನೆ. ಈ ಮಿಶ್ರಣವನ್ನು ಫೋರ್ಕಿನ ತೂತುಗಳೊಳಗೆ ಪೊರಕೆಯಿಂದ ಗುಡಿಸಿ ಇಳಿಸಬೇಕು. ತೂತು ಮತ್ತೆ ಮುಚ್ಚಿಕೊಳ್ಳದ ಹಾಗೆ ಮರಳು ಹಿಡಿದಿಡುತ್ತದೆ.

ಡಿಸೆಂಬರ್, ಜನವರಿ ಸುಲಭ. ರಾತ್ರಿ ತಂಪು, ಬೆಳಗ್ಗೆ ಇಬ್ಬನಿ, ಹುಲ್ಲು ನಿಧಾನ. ಮೂರು ವಾರಕ್ಕೊಂದು ಕಟಾವು ಸಾಕು.

ಫೆಬ್ರವರಿಯಲ್ಲಿ ಕೆಡ್ಡಸ. ಭೂಮಿತಾಯಿ ಮೈನೆರೆಯುವ ಮೂರು ದಿನ ಹಾರೆ ಹಾಕಬಾರದು, ಹಸಿರು ಕಡಿಯಬಾರದು. ಕೊನೆಯ ದಿನ ಅಮ್ಮ ನೆಲಕ್ಕೆ ಎಣ್ಣೆ ಬಿಡುತ್ತಾರೆ. ಮೊದಲು ಅದು ತುಳಸಿಕಟ್ಟೆಯ ಹತ್ತಿರ ನಡೆಯುತ್ತಿತ್ತು, ಈಗ ಹುಲ್ಲಿನ ಅಂಚಿನಲ್ಲಿ.

ಕಷ್ಟ ಮತ್ತೆ ಬರುವುದು ಮಾರ್ಚ್ ಆದ ಮೇಲೆ. ವಾರಕ್ಕೆ ಒಂದು ಇಂಚು ನೀರು ಬೇಕು. ಚದರ ಮೀಟರಿಗೆ 25 ಲೀಟರ್, ನನ್ನ 40 ಚದರ ಮೀಟರಿಗೆ 1,000 ಲೀಟರ್, ಅಂದರೆ ಮಾಡಿನ ಮೇಲಿನ ಟ್ಯಾಂಕ್ ಪೂರ್ತಿ. ಅದನ್ನು ಎರಡು ಸಲಕ್ಕೆ ಹಂಚಿ, ಬೆಳಗ್ಗೆ ಆರು ಗಂಟೆಗೆ ಬಿಡುತ್ತೇನೆ. ಸಂಜೆ ಬಿಟ್ಟರೆ ಎಲೆ ರಾತ್ರಿಯಿಡೀ ಒದ್ದೆ, ನಮ್ಮ ಸೆಕೆಯಲ್ಲಿ ಶಿಲೀಂಧ್ರಕ್ಕೆ ಅಷ್ಟು ಸಾಕು. ಏಪ್ರಿಲ್ ಕೊನೆಗೆ ಬಾವಿ ತಳ ಕಾಣುತ್ತದೆ. ಆಗ ನೆರಳಿನ ಅರ್ಧಕ್ಕೆ ಮಾತ್ರ ನೀರು. ಬಿಸಿಲಿನ ಅರ್ಧ ಕಂದಾಗುತ್ತದೆ, ನೋಡಲು ಹೊಟ್ಟೆ ಉರಿಯುತ್ತದೆ. ಆದರೆ ಮನೆಯ ಬಾವಿಯ ನೀರಿಗೆ ಮೊದಲ ಹಕ್ಕು ಅಡುಗೆಮನೆಯದ್ದು. ಒಣಗಿದ ಕಡೆಗೆ ನೆರಳಿನ ಕಡೆಯಿಂದ ಬಳ್ಳಿ ಕತ್ತರಿಸಿ ಜೂನ್‌ನಲ್ಲಿ ನೆಟ್ಟರೆ ಚೌತಿಯೊಳಗೆ ಮುಚ್ಚಿಕೊಳ್ಳುತ್ತದೆ. ಎರಡು ವರ್ಷ ಹಾಗೆಯೇ ಆಗಿದೆ.

ಗೇಟಿನ ಪಕ್ಕದ ಜಾಗಕ್ಕೂ ಇವತ್ತು ಬಳ್ಳಿ ಕತ್ತರಿಸಿ ಇಟ್ಟಿದ್ದೇನೆ, ಒದ್ದೆ ಗೋಣಿಯಲ್ಲಿ ಸುತ್ತಿ. ಮಂಗಳವಾರ ಮರಳು ಬರುತ್ತದೆ. ಆ ಜಾಗವನ್ನು ಎರಡು ಇಂಚು ಏರಿಸಿ, ಚರಂಡಿಯ ಕಡೆಗೆ ಇಳಿಜಾರು ಮಾಡಿ ನೆಡಬೇಕು.

ಈಗ ಬರೆಯುವುದು ನಿಲ್ಲಿಸುತ್ತೇನೆ. ಇವತ್ತು ನೀರು ತುಂಬುವ ಹಬ್ಬ. ಅಮ್ಮ ಹುಣಸೆಹುಳಿ ಹಚ್ಚಿ ಹಂಡೆ ತಿಕ್ಕಿ ಇಟ್ಟಿದ್ದಾರೆ. ಬಾವಿಯಲ್ಲಿ ನೀರು ಮೇಲೆಯೇ ಇದೆ, ಹಗ್ಗ ನಾಲ್ಕು ಮೊಳ ಇಳಿಸಿದರೆ ಕೊಡ ಮುಳುಗುತ್ತದೆ.